ಗಣಪ್ರಸ್ತಾರವೂ ಗಣಕವಿದ್ಯೆಯೂ

ಕಲಿಕೆಯ ಆರಂಭದಲ್ಲಿ ವಿನೋದವಿರಬೇಕೋ ನಿಯಮವಿರಬೇಕೋ ಎಂಬ ಚರ್ಚೆ ಹಿಂದಿನಿಂದಲೂ ನಡೆದುಬಂದಿದೆ. ಆದರೆ ನಿಯಮವೇ ವಿನೋದವಾಗಿ ಪರಿಣಮಿಸುವ ವಿದ್ಯೆಗಳೂ ಉಂಟು. ಛಂದಸ್ಸು ಅಂಥದೊಂದು; ಗಣಕಯಂತ್ರಕ್ಕೆ ಆದೇಶಗಳನ್ನು ಕ್ರಮವಾಗಿ ಬರೆದುಕೊಡುವ ಪ್ರೋಗ್ರಾಮಿಂಗ್ ವಿದ್ಯೆ ಮತ್ತೊಂದು. ಕನ್ನಡ ಪಂಡಿತನಿಗೆ ಗಣಕದ ಗೊಡವೆ ಏಕೆಂದು ಕೆಲವರು ಕೇಳಬಹುದು. ಇವೆರಡರ ಸಂಬಂಧವನ್ನು ಒಂದು ದೃಷ್ಟಾಂತದಿಂದ ವಿಶದಪಡಿಸುತ್ತೇನೆ.

ಮೂರಕ್ಷರದ ಗಣಗಳು ಎಂಟೆಂಬುದು ವಿದ್ಯಾರ್ಥಿಗಳೆಲ್ಲರೂ ಬಲ್ಲ ವಿಷಯ. ಅವನ್ನು ಪಡೆಯುವ ಪ್ರಸ್ತಾರಕ್ರಮ ಹೀಗಿದೆ: ಮೊದಲ ಸಾಲಿನಲ್ಲಿ ಎಲ್ಲವನ್ನೂ ಗುರುವಾಗಿ ಬರೆಯಬೇಕು. ಮೇಲಿನ ಸಾಲಿನಲ್ಲಿ ಎಡದಿಂದ ಮೊದಲು ದೊರೆಯುವ ಗುರುವಿನ ಕೆಳಗೆ ಲಘುವನ್ನಿಟ್ಟು, ಅದರ ಬಲಕ್ಕಿರುವುದನ್ನು ಇದ್ದಂತೆಯೇ ಇಳಿಸಿ, ಎಡಕ್ಕೆ ಉಳಿದ ಸ್ಥಾನಗಳನ್ನು ಗುರುಗಳಿಂದ ತುಂಬಬೇಕು. ಹೀಗೆ ಮುಂದುವರಿದು, ಎಲ್ಲವೂ ಲಘುವಾದಾಗ ನಿಲ್ಲಿಸಬೇಕು. ಮ, ಯ, ರ, ಸ, ತ, ಜ, ಭ, ನ ಎಂಬ ಗಣಗಳು ಇದೇ ಅನುಕ್ರಮದಲ್ಲಿ ಮೂಡಿಬರುತ್ತವೆ. ಯಂತ್ರಗಳಿಲ್ಲದ ಕಾಲದಲ್ಲಿ ನಮ್ಮ ಪೂರ್ವಿಕರು ರಚಿಸಿದ ಕ್ರಮವಿಧಿಯಲ್ಲದೆ ಇದು ಬೇರೇನು?

ಇದನ್ನೇ ಪೈಥಾನ್ ಮುಂತಾದ ಗಣಕಭಾಷೆಯಲ್ಲಿ ಹತ್ತಿಪ್ಪತ್ತು ಸಾಲುಗಳಲ್ಲಿ ಬರೆಯುವುದು ಹೊಸ ವಿದ್ಯಾರ್ಥಿಗೂ ಅಸಾಧ್ಯವಲ್ಲ. ಎಂಟು ಗಣಗಳೂ ತೆರೆಯ ಮೇಲೆ ಮೂಡಿದಾಗ ಆಗುವ ಹರ್ಷ ಕಂಠಪಾಠದಿಂದ ಬರುವಂಥದಲ್ಲ. ಮೂರಕ್ಷರವನ್ನು ನಾಲ್ಕೆಂದು ತಿದ್ದಿದರೆ 16 ರೂಪಗಳು, ಆರೆಂದರೆ 64. ಉತ್ಪಲಮಾಲೆಯ ಪಾದದಂತೆ 20 ಅಕ್ಷರಗಳೆಂದರೆ 10,48,576! ‘ನಿಲ್ಲು’ ಎಂಬ ಆದೇಶವನ್ನು ಮರೆತರೆ ಯಂತ್ರವು ಕೊನೆಯಿಲ್ಲದೆ ಸುತ್ತುತ್ತಲೇ ಇರಬಹುದು. ಹೇಳಿದ್ದನ್ನು ಮಾತ್ರ ಮಾಡುವ, ಹೇಳದುದನ್ನು ಊಹಿಸದ ಈ ಶಿಷ್ಯನ ಮುಂದೆ ಬಾಲಕ ಬಾಲಕಿಯರೇ ಉಪಾಧ್ಯಾಯರಾಗುತ್ತಾರೆ. ತಮ್ಮ ಮಾತಿನ ಅಸ್ಪಷ್ಟತೆಯನ್ನು ತಾವೇ ಕಂಡು ತಿದ್ದಿಕೊಳ್ಳುತ್ತಾರೆ. ಯಂತ್ರ ಗದರುವುದಿಲ್ಲ, ಅಂಕವನ್ನು ಕಳೆಯುವುದೂ ಇಲ್ಲ.

ಎಳೆಯರ ಕಲಿಕೆಯಲ್ಲಿ ಈ ಆನಂದದ ಬೆಲೆಯನ್ನು ಪಾಶ್ಚಾತ್ಯ ವಿದ್ವಾಂಸರೂ ಮನಗಂಡಿದ್ದಾರೆ. ಅಮೆರಿಕದಲ್ಲಿ ಸೆಮೂರ್ ಪೇಪರ್ಟ್ ಮತ್ತು ಅವರ ಸಹೋದ್ಯೋಗಿಗಳು 1967ರಲ್ಲಿ ಮಕ್ಕಳಿಗಾಗಿ ‘ಲೋಗೋ’ ಎಂಬ ಗಣಕಭಾಷೆಯನ್ನು ನಿರ್ಮಿಸಿದರು. ಮುಂದೆ ಅದಕ್ಕೆ ಆಮೆಯೊಂದು ಬಂದು ಸೇರಿತು. ‘100 ಹೆಜ್ಜೆ ಮುಂದೆ ನಡೆ, ಬಲಕ್ಕೆ 90 ಡಿಗ್ರಿ ತಿರುಗು’ ಎಂಬುದನ್ನು ನಾಲ್ಕು ಬಾರಿ ಹೇಳಿದರೆ ಆಮೆಯು ಚೌಕವನ್ನು ಬರೆಯುತ್ತದೆ. ತಪ್ಪು ಶಿಕ್ಷೆಗೆ ಕಾರಣವಲ್ಲ, ಶೋಧನೆಗೆ ಅವಕಾಶ ಎಂಬುದು ಪೇಪರ್ಟರ ಮತವಾಗಿತ್ತು.

ಕೃತಕ ಬುದ್ಧಿಮತ್ತೆಯ ಯಂತ್ರಗಳೇ ಇಂದು ಕ್ರಮವಿಧಿಗಳನ್ನು ಬರೆದುಕೊಡುತ್ತಿರುವಾಗ ಮಕ್ಕಳೇಕೆ ಶ್ರಮಪಡಬೇಕೆಂದು ಆಕ್ಷೇಪಿಸುವವರುಂಟು. ಅಚ್ಚಾದ ಕಾವ್ಯ ಬೇಕಾದಷ್ಟಿದೆಯೆಂದು ಯಾರೂ ಪದ್ಯರಚನೆಯನ್ನು ಕೈಬಿಟ್ಟಿಲ್ಲ. ನನ್ನ ಚಿಂತೆ ಬೇರೆ. ಎರಡು ಅಂಕಗಳಿಗಾಗಿ ಪ್ರಸ್ತಾರ ಹಾಕಿಸಿ, ಲಕ್ಷಣಗಳನ್ನು ಉರುಹೊಡೆಸಿ, ಛಂದಸ್ಸೆಂದರೆ ಮಕ್ಕಳು ಬೆದರುವಂತೆ ಮಾಡಿದವರು ನಾವು. ಗಣಕವಿದ್ಯೆಗೂ ಪ್ರಶ್ನೋತ್ತರಮಾಲೆಗಳು ಆಗಲೇ ಅಂಗಡಿಗೆ ಬಂದಿವೆ. ಅದಕ್ಕೂ ಅದೇ ಗತಿ ಒದಗಬಾರದು. ಆದುದರಿಂದ ಮೊದಲ ಒಂದು ವರ್ಷವಾದರೂ ಈ ವಿಷಯಕ್ಕೆ ಪರೀಕ್ಷೆ ಬೇಡ. ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಇಷ್ಟದ ಒಂದು ಕಿರುಕ್ರಮವಿಧಿಯನ್ನು ರಚಿಸಿ, ಕೆಡಿಸಿ, ಸರಿಪಡಿಸಲಿ. ಆನಂದದಿಂದ ಆರಂಭವಾದ ವಿದ್ಯೆಗೆ ಶ್ರದ್ಧೆ ತಾನಾಗಿಯೇ ಒದಗಿಬರುತ್ತದೆಂಬುದರಲ್ಲಿ ನನಗೆ ಸಂದೇಹವಿಲ್ಲ.