ಪ್ರತಿಮೆ ಕೊಟ್ಟರು, ಪೀಠ ಕೊಡಲಿಲ್ಲ

ಕ್ರಿ.ಪೂ. 2ನೇ ಶತಮಾನದಲ್ಲಿ, ಏಷ್ಯಾ ಮೈನರ್‌ನ ಪಶ್ಚಿಮ ಕರಾವಳಿಯ ಕೀಮೆ ಎಂಬ ಗ್ರೀಕ್ ನಗರದಲ್ಲಿ, ಆರ್ಕಿಪ್ಪೆ ಎಂಬ ಸಿರಿವಂತೆ ನಗರಸಭೆಗೆ ಸಭಾಭವನ ಕಟ್ಟಿಸಿಕೊಟ್ಟಳು. ಊರು ಅವಳಿಗೆ ಕಂಚಿನ ಪ್ರತಿಮೆ ನಿಲ್ಲಿಸಿತು. ಅವಳು ಕಾಯಿಲೆಯಿಂದ ಚೇತರಿಸಿಕೊಂಡಾಗ ದೇವರಿಗೆ ಬಲಿ ಕೊಟ್ಟು ಕೃತಜ್ಞತೆ ಸಲ್ಲಿಸಿತು. ಇದನ್ನೆಲ್ಲ ಕಲ್ಲಿನಲ್ಲಿ ಕೊರೆಸಿತು. ಆದರೆ ಅದೇ ಭವನದಲ್ಲಿ ಸದಸ್ಯಳಾಗಿ ಕೂರುವ ಹಕ್ಕು ಅವಳಿಗಿರಲಿಲ್ಲ.

ಇಂಥ ಶಾಸನಗಳನ್ನು ಮುಂದಿಟ್ಟುಕೊಂಡು, ಪ್ರಾಚೀನ ಗ್ರೀಕ್ ಹೆಣ್ಣು ಅಧಿಕಾರ ಗಳಿಸಿದ್ದಳು ಎಂದು ಸಂಭ್ರಮಿಸುವವರಿದ್ದಾರೆ. ನನ್ನ ತಕರಾರು ಇರುವುದು ಇಲ್ಲೇ. ಹೊಗಳಿಕೆಯನ್ನು ಹಕ್ಕೆಂದು ಓದಬಾರದು.

ಹಾಗೆಂದು, ಇದೆಲ್ಲ ಅಪ್ಪನ ದುಡ್ಡು, ಗಂಡನ ಪ್ರತಿಷ್ಠೆ ಎಂದು ತಳ್ಳಿಹಾಕುವವರ ಮಾತನ್ನೂ ನಾನು ಒಪ್ಪುವುದಿಲ್ಲ. ಕ್ರಿ.ಶ. 2ನೇ ಶತಮಾನದ ಮೊದಲರ್ಧದಲ್ಲಿ ಪೆರ್ಗೆ ನಗರದ ಹೆಬ್ಬಾಗಿಲನ್ನು ವೈಭವದಿಂದ ಮತ್ತೆ ಕಟ್ಟಿಸಿದವಳು ಪ್ಲಾನ್ಸಿಯಾ ಮಾಗ್ನಾ. ಅಲ್ಲಿ ಅವಳು ನಿಲ್ಲಿಸಿದ ಪ್ರತಿಮೆಗಳಲ್ಲಿ ಅವಳ ತಂದೆಯದೂ ಇತ್ತು. ಅವನು ರೋಮಿನ ಸೆನೆಟರ್. ಆದರೂ ಪೀಠದ ಮೇಲಿನ ಬರಹ ಅವನನ್ನು ಪರಿಚಯಿಸುವುದು 'ಪ್ಲಾನ್ಸಿಯಾ ಮಾಗ್ನಾಳ ತಂದೆ' ಎಂದು. ಇದನ್ನು ಬರೆಸಿದವಳು ಯಾರದೋ ಕೈಗೊಂಬೆಯಲ್ಲ.

ಹಾಗಾದರೆ ಏನು ಬದಲಾಗಿತ್ತು? ಗಂಡಸರ ಬಾಯಲ್ಲಿ ಹೆಸರೇ ಬಾರದಂತೆ ಬಾಳುವುದೇ ಹೆಣ್ಣಿಗೆ ಕೀರ್ತಿ ಎಂಬರ್ಥದ ಮಾತನ್ನು ಥುಸಿಡಿಡೀಸ್ 5ನೇ ಶತಮಾನದ ಅಥೆನ್ಸಿನ ಪೆರಿಕ್ಲೀಸನ ಬಾಯಲ್ಲಿ ಹೇಳಿಸುತ್ತಾನೆ. ಮುಂದಿನ ಶತಮಾನಗಳಲ್ಲಿ ನಗರಗಳು ಕಟ್ಟಡ, ನೀರು, ಹಬ್ಬ, ಅನ್ನಕ್ಕೆಲ್ಲ ಸಿರಿವಂತರ ಕೈ ನೋಡತೊಡಗಿದವು. ಆಗ ಬಾಗಿಲು ತೆರೆದದ್ದು ಹೆಣ್ಣಿಗಲ್ಲ, ಅವಳ ಹಣದ ಚೀಲಕ್ಕೆ. ಕ್ರಿ.ಪೂ. 1ನೇ ಶತಮಾನದಲ್ಲಿ ಪ್ರೀನೆ ನಗರದ ಫೀಲೆ, ಸ್ವಂತ ಖರ್ಚಿನಲ್ಲಿ ನೀರಿನ ತೊಟ್ಟಿಯನ್ನೂ ಕೊಳವೆಗಳನ್ನೂ ಮಾಡಿಸಿದಳು. ಆ ಊರಿನ ಸ್ಟೆಫನೆಫೊರೊಸ್ ಪದವಿಗೇರಿದ ಮೊದಲ ಹೆಣ್ಣು ಅವಳೇ. ಅದು ಗೌರವದ ಹುದ್ದೆ, ಜೊತೆಗೆ ಜೇಬಿಗೆ ಭಾರವಾದ ಹುದ್ದೆ. ಊರ ತೊಟ್ಟಿಯಿಂದ ದಿನವೂ ನೀರು ಹೊತ್ತ ಬಡ ಹೆಂಗಸರಿಗೆ ಅಂಥ ಪದವಿ ಕನಸಿನ ಮಾತು.

ಇನ್ನೂ ಸಂಶಯವಿದ್ದವರು ಸಿಲಿಯೋನ್ ನಗರದ ಮೆನೊಡೋರಾಳ ಲೆಕ್ಕ ನೋಡಬೇಕು. ಮಕ್ಕಳ ಪೋಷಣೆಗೆಂದೇ 3,00,000 ದಿನಾರಿ ಕೊಟ್ಟ ಮಹಾದಾನಿ ಅವಳು. ಊರಿಗೆ ಹಣ ಹಂಚಿದಾಗ ಮಾತ್ರ ಅಂತಸ್ತಿನ ಪ್ರಕಾರವೇ ಹಂಚಿದಳು. ಸಭೆಯ ಸದಸ್ಯನಿಗೆ ದೊಡ್ಡ ಪಾಲು, ಅವನ ಹೆಂಡತಿಗೆ ಚೂರುಪಾರು. ಕೊಟ್ಟ ಕೈ ಹೆಣ್ಣಿನದು, ಅಳತೆಗೋಲು ಮಾತ್ರ ಗಂಡಸರದು.

ಹೊಗಳುವ ಮಾತುಗಳನ್ನೂ ಗಮನಿಸಿ. ಊರಿಗೆ ನೀರೋ ನೆರಳೋ ಕೊಟ್ಟವಳನ್ನು ನೆನೆಯುವಾಗಲೂ ಶೀಲ, ಸಂಯಮ, ಪತಿಪ್ರೇಮ ಎಂಬ ಪದಗಳು ಮತ್ತೆ ಮತ್ತೆ ಬರುತ್ತವೆ. ಒಳ್ಳೆಯ ಹೆಂಡತಿ ಎಂಬ ಪ್ರಮಾಣಪತ್ರವಿಲ್ಲದೆ ಒಳ್ಳೆಯ ನಾಗರಿಕಳಾಗುವುದು ಕಷ್ಟವಿತ್ತು.

ಈ ಹೆಂಗಸರ ಔದಾರ್ಯ ದೊಡ್ಡದು, ಅವರ ಹೆಸರು ಉಳಿದದ್ದು ನಮ್ಮ ಪುಣ್ಯ. ಆದರೆ ಊರು ಅವರಿಗೆ ಕೊಟ್ಟದ್ದನ್ನು ಔದಾರ್ಯವೆನ್ನಬೇಡಿ. ಕಂಚಿನ ಪ್ರತಿಮೆ ಮಾತಾಡುವುದಿಲ್ಲ, ಮತ ಕೇಳುವುದಿಲ್ಲ. ಅದನ್ನು ನಿಲ್ಲಿಸುವುದು ಸಭೆಯಲ್ಲಿ ಒಂದು ಪೀಠ ಬಿಟ್ಟುಕೊಡುವುದಕ್ಕಿಂತ ಬಹಳ ಅಗ್ಗ.