ಗಾಳಿ ಅಗ್ಗವೋ, ಕಲ್ಲಿದ್ದಲು ಅಗ್ಗವೋ?

ವಿದ್ಯುತ್ತಿನ ಬಿಲ್ಲು ಕೈಗೆ ಬಂದೊಡನೆ ಗೃಹಸ್ಥನ ಕಣ್ಣು ಓಡುವುದು ಕೊನೆಯ ಸಾಲಿನ ಮೊತ್ತದ ಕಡೆಗೆ. ಕರ್ನಾಟಕದಲ್ಲಿ 2023ರಲ್ಲಿ ಗೃಹಜ್ಯೋತಿ ಯೋಜನೆ ಆರಂಭವಾದ ಮೇಲಂತೂ ಅನೇಕ ಮನೆಗಳ ಬಿಲ್ಲಿನಲ್ಲಿ ಆ ಜಾಗದಲ್ಲಿ ಸೊನ್ನೆಯೇ ಕಾಣತೊಡಗಿತು. ಆದರೆ ಬಿಲ್ಲು ಸೊನ್ನೆಯಾದ ಮಾತ್ರಕ್ಕೆ ವೆಚ್ಚವೂ ಸೊನ್ನೆಯಾಗಲಾರದು. ಮನೆಯವನು ಕೊಡದ ಹಣವನ್ನು ಸರ್ಕಾರದ ಬೊಕ್ಕಸ ಕೊಡುತ್ತದೆ. ಬೊಕ್ಕಸವೂ ಕೊಡದೆ ಉಳಿದದ್ದನ್ನು ಇನ್ನಾರೋ, ಇನ್ನೆಲ್ಲೋ, ಹಣವಲ್ಲದ ಬೇರೊಂದು ರೂಪದಲ್ಲಿ ತೆರುತ್ತಿರುತ್ತಾರೆ. ಗಾಳಿಯ ವಿದ್ಯುತ್ತು ಅಗ್ಗವೋ, ಕಲ್ಲಿದ್ದಲಿನದು ಅಗ್ಗವೋ ಎಂದು ಬಲ್ಲವರು ನಡೆಸುತ್ತಿರುವ ವಾದದ ತಿರುಳು ಈ ಕಡೆಯ ಮಾತಿನಲ್ಲಿಯೇ ಅಡಗಿದೆ.

ಕನ್ನಡ ನಾಡಿಗೆ ವಿದ್ಯುತ್ತೆಂದರೆ ಬಹುಕಾಲ ನೀರಿನ ಕೊಡುಗೆಯೇ ಆಗಿತ್ತು. 1902ರಲ್ಲಿ ಶಿವನಸಮುದ್ರದ ಕಾವೇರಿ ಕೋಲಾರದ ಚಿನ್ನದ ಗಣಿಗಳಿಗೆ ಶಕ್ತಿಯಿತ್ತಳು. 1960ರ ದಶಕದಲ್ಲಿ ಶರಾವತಿ ಆ ಹೊಣೆಯನ್ನು ಹೊತ್ತಳು. ಬೇಡಿಕೆ ನದಿಗಳ ಶಕ್ತಿಯನ್ನು ಮೀರಿ ಬೆಳೆದಾಗ, 1985ರಲ್ಲಿ ರಾಯಚೂರು ಜಿಲ್ಲೆಯ ಶಕ್ತಿನಗರದಲ್ಲಿ, ಕೃಷ್ಣೆಯ ದಡದ ಮೇಲೆ, ಶಾಖೋತ್ಪನ್ನ ಸ್ಥಾವರದ ಮೊದಲ ಘಟಕ ಕೆಲಸ ಆರಂಭಿಸಿತು. ಮುಂದೆ ಅದು ಎಂಟು ಘಟಕಗಳಾಗಿ, 1720 ಮೆಗಾವಾಟ್ ಸಾಮರ್ಥ್ಯಕ್ಕೆ ಬೆಳೆಯಿತು. ರಾಜ್ಯದಲ್ಲಿ ಕಲ್ಲಿದ್ದಲಿನ ಗಣಿ ಇಲ್ಲ. ತೆಲಂಗಾಣದ ಸಿಂಗರೇಣಿಯಿಂದಲೂ ಒಡಿಶಾ, ಮಹಾರಾಷ್ಟ್ರಗಳ ಗಣಿಗಳಿಂದಲೂ ಅದು ರೈಲಿನಲ್ಲಿ ಬರಬೇಕು. ಇತ್ತ ಚಿತ್ರದುರ್ಗದ ಜೋಗಿಮಟ್ಟಿಯ ಬೆಟ್ಟಸಾಲಿನಲ್ಲಿಯೂ ಗದಗದ ಬಯಲಿನಲ್ಲಿಯೂ ಯಾರೂ ಹೊತ್ತು ತರಬೇಕಿಲ್ಲದ ಗಾಳಿ ತಾನಾಗಿ ಬೀಸುತ್ತದೆ. ಅಲ್ಲಿ ಗಾಳಿಯಂತ್ರಗಳು ತಿರುಗುತ್ತವೆ. ಹೀಗೆ ಒಂದೇ ನಾಡಿನಲ್ಲಿ ಎರಡನ್ನೂ ತೂಗಿ ನೋಡುವ ಅವಕಾಶವುಂಟು.

ಮೊದಲು ಕಲ್ಲಿದ್ದಲಿನ ಲೆಕ್ಕ. ಒಂದು ಯೂನಿಟ್ ವಿದ್ಯುತ್ತಿಗೆ ಭಾರತದ ಸ್ಥಾವರಗಳಲ್ಲಿ ಸುಮಾರು ಆರುನೂರೈವತ್ತರಿಂದ ಏಳುನೂರು ಗ್ರಾಂ ಕಲ್ಲಿದ್ದಲು ಸುಡುತ್ತದೆ. ತಿಂಗಳಿಗೆ ನೂರು ಯೂನಿಟ್ ಬಳಸುವ ಸಂಸಾರವೊಂದು ಅಷ್ಟನ್ನೂ ಕಲ್ಲಿದ್ದಲಿನಿಂದಲೇ ಪಡೆಯಿತೆಂದುಕೊಂಡರೆ, ಆ ಮನೆಯ ಪಾಲಿಗೆ ಉರಿದದ್ದು ಅರವತ್ತೈದು ಕಿಲೋಗ್ರಾಂಗಿಂತ ಕಡಿಮೆಯಲ್ಲ. ಭಾರತದ ಕಲ್ಲಿದ್ದಲಿನಲ್ಲಿ ಮೂರನೆಯ ಒಂದು ಭಾಗಕ್ಕೂ ಮಿಕ್ಕು ಬೂದಿಯಿರುವುದು ಸಾಮಾನ್ಯ. ಅಂದರೆ ಪ್ರತಿ ತಿಂಗಳೂ ಸಣ್ಣದೊಂದು ಅಕ್ಕಿಮೂಟೆಯ ತೂಕದಷ್ಟು ಬೂದಿ ಆ ಸಂಸಾರದ ಹೆಸರಿನಲ್ಲಿ ಎಲ್ಲಿಯೋ ಒಂದು ಹೊಂಡವನ್ನು ಸೇರುತ್ತದೆ. ಜೊತೆಗೆ ತೊಂಬತ್ತು ಕಿಲೋಗ್ರಾಂಗೂ ಹೆಚ್ಚು ಇಂಗಾಲದ ಡೈ ಆಕ್ಸೈಡ್ ಆಕಾಶಕ್ಕೆ ಏರುತ್ತದೆ. ಹಳೆಯ ಸ್ಥಾವರಗಳಿಗೆ ಸರ್ಕಾರ 2015ರಲ್ಲಿ ವಿಧಿಸಿದ ಮಿತಿಯ ಪ್ರಕಾರವೇ ಲೆಕ್ಕ ಹಾಕಿದರೂ, ಮುನ್ನೂರೈವತ್ತು ಲೀಟರ್ ನೀರು ಖರ್ಚಾಗುತ್ತದೆ. ಬಿಲ್ಲಿನಲ್ಲಿ ಬೂದಿಗೆ ಒಂದು ಸಾಲಿಲ್ಲ, ಹೊಗೆಗೆ ಒಂದು ಸಾಲಿಲ್ಲ. ಬೂದಿ ಹಾರಿ ಬೀಳುವುದು ಬೆಂಗಳೂರಿನ ಬಡಾವಣೆಗಳ ಮಾಳಿಗೆಯ ಮೇಲಲ್ಲ. ಸ್ಥಾವರದ ಸುತ್ತಣ ಊರುಗಳ ಹೊಲ, ಬಾವಿ, ಒಣಹಾಕಿದ ಬಟ್ಟೆಗಳ ಮೇಲೆ.

ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಪಿಗೂ 1920ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಈ ವಿಷಯವನ್ನೇ ಎತ್ತಿದ್ದ. ಕಾರ್ಖಾನೆಯ ಹೊಗೆಯಿಂದ ಊರಿಗಾಗುವ ನಷ್ಟ ಕಾರ್ಖಾನೆಯ ಲೆಕ್ಕಪುಸ್ತಕದಲ್ಲಿ ಕಾಣದಿದ್ದರೆ, ಅದರ ಸರಕು ಇರಬೇಕಾದದ್ದಕ್ಕಿಂತ ಅಗ್ಗವಾಗಿ ತೋರುತ್ತದೆ ಎಂಬುದು ಅವನ ವಾದದ ಸಾರ. ಮೂರು ದಶಕಗಳ ಬಳಿಕ, 1952ರ ಡಿಸೆಂಬರಿನಲ್ಲಿ, ಲಂಡನ್ ನಗರ ಐದು ದಿನ ಕಲ್ಲಿದ್ದಲಿನ ಹೊಗೆಮಂಜಿನಲ್ಲಿ ಮುಳುಗಿತು. ಸತ್ತವರು ನಾಲ್ಕು ಸಾವಿರವೆಂದು ಆಗ ಎಣಿಸಲಾಯಿತು. ಆ ಸಂಖ್ಯೆ ಹನ್ನೆರಡು ಸಾವಿರದವರೆಗೂ ಇದ್ದಿರಬಹುದೆಂದು ಅನಂತರದ ಸಂಶೋಧಕರು ಅಂದಾಜು ಮಾಡಿದರು. ಲೆಕ್ಕಕ್ಕೆ ಸೇರದ ವೆಚ್ಚ ಎಂತಹುದೆಂಬುದನ್ನು ಆ ನಗರ ಹೀಗೆ ತಿಳಿಯಿತು. 1956ರಲ್ಲಿ ಅಲ್ಲಿ ಶುದ್ಧ ಗಾಳಿಯ ಕಾನೂನು ಬಂದಿತು.

ಭಾರತದಲ್ಲಿಯೂ ಈ ವೆಚ್ಚವನ್ನು ಬೆಲೆಯೊಳಗೆ ತರುವ ಯತ್ನ ನಡೆಯದೆ ಇಲ್ಲ. 2010ರಲ್ಲಿ ಕಲ್ಲಿದ್ದಲಿನ ಮೇಲೆ ಟನ್ನಿಗೆ 50 ರೂಪಾಯಿ ಸುಂಕ ಬಂದಿತು. 2016ರ ವೇಳೆಗೆ ಅದು 400 ರೂಪಾಯಿಗೆ ಏರಿತು. ಯೂನಿಟ್ಟಿಗೆ ಹಂಚಿದರೆ ಇದು ಸುಮಾರು 26 ಪೈಸೆ. ಆದರೆ ಶುದ್ಧ ಶಕ್ತಿಯ ಹೆಸರಿನಲ್ಲಿ ಹುಟ್ಟಿದ ಆ ಹಣ 2017ರಿಂದ ರಾಜ್ಯಗಳ ತೆರಿಗೆನಷ್ಟವನ್ನು ತುಂಬಿಕೊಡುವ ನಿಧಿಗೆ ಹರಿಯಿತು. 2025ರ ಸೆಪ್ಟೆಂಬರಿನಲ್ಲಿ ಆ ಸುಂಕವೇ ನಿಂತು, ಅದರ ಬದಲಿಗೆ ಜಿ.ಎಸ್.ಟಿ.ಯ ದರ ಶೇಕಡ 5ರಿಂದ 18ಕ್ಕೆ ಏರಿತು. ಹೊಗೆಯಲ್ಲಿನ ಗಂಧಕವನ್ನು ತೊಳೆಯುವ ಯಂತ್ರಗಳ ಕಥೆಯೂ ಇಂಥದೇ. 2015ರ ನಿಯಮ ಎರಡು ವರ್ಷಗಳ ಗಡುವು ಕೊಟ್ಟಿತು. ಗಡುವು ಮತ್ತೆ ಮತ್ತೆ ಮುಂದಕ್ಕೆ ಹೋಯಿತು. ಭಾರತದ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆಯೆಂಬ ಕಾರಣವನ್ನೂ ಸೇರಿಸಿ, 2025ರ ಜುಲೈನಲ್ಲಿ ಬಹುಪಾಲು ಸ್ಥಾವರಗಳಿಗೆ ವಿನಾಯಿತಿಯೇ ದೊರೆಯಿತು. ಯಂತ್ರದ ಖರ್ಚು ಉಳಿಯಿತು. ಉಳಿದ ಗಂಧಕ ಮಾತ್ರ ಉಸಿರಾಡುವವರ ಪಾಲಿಗೆ ಬಂದಿತು.

ಹಾಗಾದರೆ ಗಾಳಿಯ ವಿದ್ಯುತ್ತಿಗೆ ಜಯವೆನ್ನಬಹುದೆ? ಮೇಲುನೋಟಕ್ಕೆ ಹೌದು. 2017ರ ಫೆಬ್ರವರಿಯಲ್ಲಿ ನಡೆದ ದೇಶದ ಮೊದಲ ಗಾಳಿವಿದ್ಯುತ್ ಹರಾಜಿನಲ್ಲಿ ಯೂನಿಟ್ಟಿನ ದರ 3 ರೂಪಾಯಿ 46 ಪೈಸೆಗೆ ನಿಂತಿತು. ಅದೇ ಡಿಸೆಂಬರಿನಲ್ಲಿ ಗುಜರಾತಿನ ಹರಾಜಿನಲ್ಲಿ 2 ರೂಪಾಯಿ 43 ಪೈಸೆಗೆ ಇಳಿಯಿತು. ಅಷ್ಟು ಅಗ್ಗದ ದರ ಬಹಳ ದಿನ ನಿಲ್ಲದೆ ಮತ್ತೆ ಮೂರು ರೂಪಾಯಿಯನ್ನು ದಾಟಿದರೂ, ಹೊಸ ಕಲ್ಲಿದ್ದಲು ಸ್ಥಾವರದ ವಿದ್ಯುತ್ತಿಗಿಂತ ಇದು ಕಡಿಮೆಯೇ.

ಆದರೆ ಈ ದರ ಯಂತ್ರದ ಬಾಗಿಲಲ್ಲಿ ನಿಂತು ಕೇಳಿದ ದರ. ಗಾಳಿ ಬಂದಾಗ ತೂರಿಕೋ ಎಂದು ಹಿರಿಯರು ಹೇಳಿದ್ದು ಕಣದ ರೈತನಿಗೆ. ಸಂಜೆ ಏಳು ಗಂಟೆಗೆ ದೀಪ ಹಚ್ಚುವ ಮನೆಗೆ ಆ ಮಾತು ಸಲ್ಲುವುದಿಲ್ಲ. ಕರ್ನಾಟಕದಲ್ಲಿ ಗಾಳಿ ಬಲವಾಗಿ ಬೀಸುವುದು ಮುಂಗಾರಿನ ತಿಂಗಳುಗಳಲ್ಲಿ. ಜಲಾಶಯಗಳು ತುಂಬುವುದೂ ಆಗಲೇ. ವಿದ್ಯುತ್ತಿನ ಬೇಡಿಕೆ ಏರುವುದಾದರೋ ಗಾಳಿ ಮಂದವಾಗಿರುವ ಬೇಸಗೆಯಲ್ಲಿ. ಆದಕಾರಣ ಕಲ್ಲಿದ್ದಲಿನ ಘಟಕಗಳನ್ನು ಕೈಬಿಡಲಾಗದು. ಅವು ಸುಮ್ಮನೆ ನಿಂತಿರುವಾಗಲೂ ಕರಾರಿನಂತೆ ಸ್ಥಿರವೆಚ್ಚವನ್ನು ಕೊಡಬೇಕು. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯ ವಿದ್ಯುತ್ತಿನ ಅಭಾವಕ್ಕೆ ಸಿಕ್ಕಿದಾಗ ಕಲ್ಲಿದ್ದಲಿನ ಆಸರೆ ಎಷ್ಟು ದೊಡ್ಡದೆಂಬುದು ಎಲ್ಲರಿಗೂ ತಿಳಿಯಿತು. ದೂರದ ಬೆಟ್ಟಗಳಿಂದ ತಂತಿ ಎಳೆಯುವ ಖರ್ಚು ಬೇರೆ.

ಹೆಚ್ಚಾದ ವಿದ್ಯುತ್ತನ್ನು ಕೂಡಿಡುವುದೊಂದೇ ಇದಕ್ಕೆ ಪರಿಹಾರವೆನ್ನುವವರುಂಟು. ಕೆಳಗಿನ ಜಲಾಶಯದ ನೀರನ್ನು ಮೇಲಕ್ಕೆ ಎತ್ತಿಟ್ಟು, ಬೇಕಾದಾಗ ಇಳಿಬಿಡುವುದು ಅದರ ಒಂದು ಬಗೆ. ಆದರೆ ಶರಾವತಿ ಕಣಿವೆಯಲ್ಲಿ ಇಂತಹ 2000 ಮೆಗಾವಾಟ್‌ನ ಯೋಜನೆಯ ಮಾತು ಬಂದಾಗ, ಸಿಂಗಳೀಕಗಳು ವಾಸಿಸುವ ಮಳೆಕಾಡಿನ ಗತಿಯೇನೆಂದು ಮಲೆನಾಡಿನ ಜನ ಕೇಳಿದರು. ಅದೂ ನ್ಯಾಯವಾದ ಪ್ರಶ್ನೆಯೇ. ಕಾಡಿನ ಬೆಲೆಯನ್ನು ಸೇರಿಸದೆ ಗಾಳಿ ಅಗ್ಗವೆನ್ನುವುದು, ಹೊಗೆಯ ಬೆಲೆಯನ್ನು ಸೇರಿಸದೆ ಕಲ್ಲಿದ್ದಲು ಅಗ್ಗವೆನ್ನುವುದಕ್ಕಿಂತ ಪ್ರಾಮಾಣಿಕವಾದದ್ದೇನೂ ಅಲ್ಲ.

ಆದರೂ ಎರಡು ವೆಚ್ಚಗಳೂ ಒಂದೇ ಬಗೆಯವಲ್ಲ. ಗಾಳಿಯ ಕೊರತೆಯೆಂದರೆ ಮುಖ್ಯವಾಗಿ ಕಾಲದ ಕೊರತೆ. ತಂತಿ, ಬ್ಯಾಟರಿ, ಯೋಗ್ಯ ಸ್ಥಳದ ಆಯ್ಕೆ—ಇವುಗಳಿಗೆ ಹಣ ಕೊಟ್ಟು ಅದನ್ನು ಬಹುಮಟ್ಟಿಗೆ ತುಂಬಿಕೊಳ್ಳಬಹುದು, ಆ ಹಣ ಬಿಲ್ಲಿನಲ್ಲಿ ಕಾಣಿಸಿಕೊಳ್ಳುತ್ತದೆ. ಮಗುವಿನ ಶ್ವಾಸಕೋಶಕ್ಕಾದ ಹಾನಿಯನ್ನಾಗಲಿ, ಒಮ್ಮೆ ಮೇಲೇರಿದ ಇಂಗಾಲವನ್ನಾಗಲಿ ಮುಂದೆ ಹಣ ಕೊಟ್ಟು ಹಿಂದಕ್ಕೆ ಪಡೆಯುವುದು ಸಾಧ್ಯವಿಲ್ಲ. ಆದುದರಿಂದ ದರ ಏರಿಕೆಯ ಸುದ್ದಿ ಬಂದಾಗಲೆಲ್ಲ ಅಸಮಾಧಾನಪಡುವ ಸಂಸಾರಗಳು ಮತ್ತೊಂದು ಪ್ರಶ್ನೆಯನ್ನೂ ಕೇಳುವುದು ಒಳಿತು: ಏರಿದ ಹಣ ಹೊಗೆ ತೊಳೆಯುವ ಯಂತ್ರಕ್ಕೆ ಹೋಗುವುದೋ, ವಿದ್ಯುತ್ತನ್ನು ಕೂಡಿಡುವ ಕೆಲಸಕ್ಕೆ ಹೋಗುವುದೋ, ಅಥವಾ ಇನ್ನೆಲ್ಲಿಗೋ? ಬಿಲ್ಲು ತುಸು ಹೆಚ್ಚಾದರೂ ಪೂರ್ತಿ ಲೆಕ್ಕ ಅದರಲ್ಲಿಯೇ ಇದ್ದರೆ, ದೀಪ ಹಚ್ಚುವವನೇ ಅದರ ಬೆಲೆ ತೆತ್ತಂತಾಗುತ್ತದೆ. ಇಲ್ಲವಾದರೆ ಆ ಬಾಕಿ ಬೂದಿಹೊಂಡದ ಪಕ್ಕದ ಮನೆಗಳ ಹೆಸರಿನಲ್ಲಿ ಬೆಳೆಯುತ್ತಲೇ ಹೋಗುತ್ತದೆ.