ಮೊದಲ ಒದೆತ

ಟೇಕ್ವಾಂಡೋ ಕೊರಿಯಾ ದೇಶದ ಯುದ್ಧಕಲೆ. ‘ಟೇ’ ಎಂದರೆ ಕಾಲು, ‘ಕ್ವಾನ್’ ಎಂದರೆ ಮುಷ್ಟಿ, ‘ಡೋ’ ಎಂದರೆ ಮಾರ್ಗ. ಹೆಸರಿನಲ್ಲಿಯೇ ಕಾಲಿಗೆ ಅಗ್ರಸ್ಥಾನ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಪದಕದ ಸ್ಪರ್ಧೆಯಾದ ಈ ಕಲೆಯಲ್ಲಿ ತಲೆಯೆತ್ತರದ ಒದೆತಕ್ಕೆ ಅಂಕವೂ ಹೆಚ್ಚು, ಚಪ್ಪಾಳೆಯೂ ಹೆಚ್ಚು. ಹೊಸ ಶಿಷ್ಯರು ಮೊದಲ ದಿನವೇ ಅದನ್ನು ಬಯಸುವುದು ಸಹಜ, ಆದರೆ ಉಚಿತವಲ್ಲ.

ಮೊದಲ ಪಾಠ ‘ಆಪ್ ಚಾಗಿ’, ಅಂದರೆ ಮುಂದಕ್ಕೆ ಒದೆಯುವುದು. ಮಂಡಿಯನ್ನು ಮಡಿಚಿ ಮೇಲೆತ್ತಬೇಕು. ಕಾಲ್ಬೆರಳುಗಳನ್ನು ಹಿಂದಕ್ಕೆ ಬಾಗಿಸಿ, ಅವುಗಳ ಬುಡದ ಅಂಗಾಲಿನಿಂದ ಹೊಡೆಯಬೇಕು. ಒಡನೆಯೇ ಕಾಲನ್ನು ಮತ್ತೆ ಮಡಿಚಿ, ಬಳಿಕ ನೆಲಕ್ಕಿಳಿಸಬೇಕು. ಈ ಮಡಿಚುವಿಕೆಯನ್ನು ನೋಡುಗರಾರೂ ಹೊಗಳುವುದಿಲ್ಲ. ಆದರೂ ಅದಿಲ್ಲದಿದ್ದರೆ ಒದ್ದವನೇ ಸಮತೋಲ ತಪ್ಪಿ ಮುಗ್ಗರಿಸುವನು. ಸುತ್ತಿ ಒದೆಯುವಾಗಲಂತೂ, ನೆಲದ ಮೇಲಿನ ಪಾದ ತಿರುಗದಿದ್ದರೆ ಮಂಡಿಯೇ ತಿರುಚಿಕೊಳ್ಳಬಹುದು. ಎತ್ತರಕ್ಕೆ ಆತುರಪಡುವ ಶಿಷ್ಯನಿಂದ ವಾರಗಟ್ಟಲೆ ಮಂಡಿಯನ್ನಷ್ಟೇ ಎತ್ತಿಸುವ ಗುರುವನ್ನು ನಿಷ್ಠುರನೆನ್ನುವುದು ಅನ್ಯಾಯ.